ಜಾನ್‌ಸ್ಟನ್ ಮುಳುಗಿದ್ದು ಹತ್ತು ಗಂಟೆಗೆ, ಅದರ ಜನ ಸತ್ತಿದ್ದು ಆಮೇಲೆ

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಯುಎಸ್‌ಎಸ್ ಜಾನ್‌ಸ್ಟನ್ ಎಂಬ ಅಮೆರಿಕದ ಡಿಸ್ಟ್ರಾಯರ್ ಬಗ್ಗೆ ಒಂದು ವಿಡಿಯೋ ನೋಡಿದೆ. ಅಷ್ಟು ಚಿಕ್ಕ ಹಡಗು ಜಪಾನಿನ ದೈತ್ಯ ಯಮಾಟೊ ಇದ್ದ ಪಡೆಯ ಎದುರು ಎರಡೂವರೆ ಗಂಟೆ ಕಾದಾಡಿತಂತೆ. ಇದು ನಿಜವೇ? ಹೇಗೆ ಸಾಧ್ಯ? ಕ್ಯಾಪ್ಟನ್ ಮೇಲಿನವರ ಅಪ್ಪಣೆಗೂ ಕಾಯದೆ ನುಗ್ಗಿದ್ದು ಸರಿಯೇ? 186 ಜನ ಸತ್ತರು ಎಂದು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದರು. ಅವರೆಲ್ಲ ಆ ಗುಂಡಿನ ದಾಳಿಯಲ್ಲೇ ಸತ್ತವರೇ? ಹಡಗನ್ನು ಈಗ ಮೇಲೆತ್ತಬಹುದೇ?

ಉತ್ತರ:

ನಿಜ. ಉತ್ಪ್ರೇಕ್ಷೆ ಏನೂ ಇಲ್ಲ. ಆದರೆ ನಿಮ್ಮ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಸಾವಿನ ಲೆಕ್ಕದ್ದು. ಜಾನ್‌ಸ್ಟನ್ ಕಥೆ ಹೇಳುವವರು ಬಹಳ ಜನ ಇದ್ದಾರೆ. ಹೆಚ್ಚಿನವರು ಹಡಗು ಮುಳುಗಿದ ಕೂಡಲೇ ಕಥೆ ಮುಗಿಸಿಬಿಡುತ್ತಾರೆ. ಆ ಹಡಗಿನಲ್ಲಿ ಸತ್ತವರ ಪೈಕಿ ಜಾಸ್ತಿ ಜನ ಸತ್ತಿದ್ದು ಮುಳುಗಿದ ನಂತರ. ಅದನ್ನು ಕೊನೆಗೆ ವಿವರವಾಗಿ ಬರೆಯುತ್ತೇನೆ. ಮೊದಲು ಹಡಗನ್ನು ಪರಿಚಯ ಮಾಡಿಕೊಳ್ಳೋಣ.

ಡಿಸ್ಟ್ರಾಯರ್ ಅಂದರೆ ವೇಗದ, ತೆಳು ಮೈಯ ಬೆಂಗಾವಲು ಹಡಗು. ದೊಡ್ಡ ಹಡಗುಗಳ ಸುತ್ತ ಓಡಾಡಿಕೊಂಡು ಜಲಾಂತರ್ಗಾಮಿ ಹುಡುಕುವುದು, ವಿಮಾನಗಳಿಗೆ ಗುಂಡು ಹೊಡೆಯುವುದು, ಬೇಕಾದಾಗ ಟಾರ್ಪೆಡೊ, ಅಂದರೆ ನೀರಿನೊಳಗೆ ಓಡಿ ಹಡಗಿಗೆ ತಾಗಿ ಸಿಡಿಯುವ ಅಸ್ತ್ರ, ಬಿಡುವುದು ಅದರ ಕೆಲಸ. ಜಾನ್‌ಸ್ಟನ್ ಫ್ಲೆಚರ್ ವರ್ಗದ್ದು. ಯುದ್ಧಕಾಲದಲ್ಲಿ ಅಮೆರಿಕ ಈ ನಮೂನೆಯ 175 ಹಡಗು ಕಟ್ಟಿತು. ಉದ್ದ ಸುಮಾರು 115 ಮೀಟರ್. ತೂಕ 2,100 ಟನ್ ಆಸುಪಾಸು. ಐದು ಇಂಚಿನ ಐದು ಫಿರಂಗಿ, ಹತ್ತು ಟಾರ್ಪೆಡೊ. 35 ನಾಟ್, ಅಂದರೆ ಗಂಟೆಗೆ 65 ಕಿಲೋಮೀಟರ್ ವೇಗ. ರಕ್ಷಾಕವಚ ಅನ್ನುವಂಥದ್ದು ಇಲ್ಲ ಅಂತಲೇ ಹೇಳಬೇಕು.

ಅಮೆರಿಕದ ಸಿಯಾಟಲ್‌ನಲ್ಲಿ ಕಟ್ಟಿದ ಈ ಹಡಗು ನೌಕಾಪಡೆಗೆ ಸೇರಿದ್ದು 27 ಅಕ್ಟೋಬರ್ 1943ರಂದು. ಅದರ ಕ್ಯಾಪ್ಟನ್, ಕಮಾಂಡರ್ ದರ್ಜೆಯ ಅರ್ನೆಸ್ಟ್ ಇವಾನ್ಸ್. ಒಕ್ಲಹಾಮಾದವರು, ಅಮೆರಿಕದ ಮೂಲನಿವಾಸಿ ಮನೆತನದವರು. ಮೊದಲು ಸಾಮಾನ್ಯ ನಾವಿಕನಾಗಿ ಸೇರಿ, ಆಮೇಲೆ ನೌಕಾ ಅಕಾಡೆಮಿಗೆ ಹೋಗಿ 1931ರಲ್ಲಿ ಪಾಸಾಗಿ ಬಂದವರು. 1942ರ ಫೆಬ್ರವರಿಯಲ್ಲಿ ಜಾವಾ ಸಮುದ್ರದಲ್ಲಿ ಮಿತ್ರಪಡೆಗಳು ಜಪಾನಿಗೆ ಸೋತು ಚದುರಿದಾಗ ಇವಾನ್ಸ್ ಅಲ್ಲೇ ಆಲ್ಡೆನ್ ಎಂಬ ಹಳೆಯ ಡಿಸ್ಟ್ರಾಯರ್‌ನಲ್ಲಿದ್ದರು. ಜಾನ್‌ಸ್ಟನ್ ಸೇವೆಗೆ ಸೇರಿದ ದಿನ ಸಿಬ್ಬಂದಿಯನ್ನೆಲ್ಲ ನಿಲ್ಲಿಸಿ ಅವರು ಮಾಡಿದ ಭಾಷಣ ದಾಖಲೆಯಲ್ಲಿದೆ. ಇದು ಕಾದಾಡುವ ಹಡಗು, ಅಪಾಯ ಇರುವ ಕಡೆಗೇ ಹೋಗುತ್ತೇನೆ, ಬರಲು ಇಷ್ಟವಿಲ್ಲದವರು ಈಗಲೇ ಇಳಿದುಬಿಡಿ ಎಂಬುದು ಅದರ ಸಾರ. ಯಾರೂ ಇಳಿಯಲಿಲ್ಲ.

ಹಡಗು ಬದುಕಿದ್ದು ಒಂದೇ ವರ್ಷ. ಸರಿಯಾಗಿ ಹೇಳಬೇಕೆಂದರೆ ಒಂದು ವರ್ಷಕ್ಕೆ ಎರಡು ದಿನ ಕಮ್ಮಿ. ಅಷ್ಟರಲ್ಲೇ ಪೆಸಿಫಿಕ್‌ನಲ್ಲಿ ಸಾಕಷ್ಟು ದುಡಿದಿತ್ತು. 1944ರ ಆರಂಭದಲ್ಲಿ ಕ್ವಾಜಲೀನ್, ಎನಿವೆಟೊಕ್ ದ್ವೀಪಗಳಲ್ಲಿ ಸೈನಿಕರು ಇಳಿಯುವಾಗ ದಡದ ನೆಲೆಗಳ ಮೇಲೆ ಗುಂಡಿನ ಮಳೆಗರೆಯಿತು. ಮೇ 16ರಂದು ಇನ್ನೆರಡು ಡಿಸ್ಟ್ರಾಯರ್‌ಗಳ ಜೊತೆ ಸೇರಿ ಐ-176 ಎಂಬ ಜಪಾನಿ ಜಲಾಂತರ್ಗಾಮಿಯನ್ನು ಮುಳುಗಿಸಿತು. ಜುಲೈನಲ್ಲಿ ಗ್ವಾಮ್ ದ್ವೀಪದ ಮೇಲೆ ನಾಲ್ಕು ಸಾವಿರಕ್ಕೂ ಜಾಸ್ತಿ ಗುಂಡು ಹೊಡೆಯಿತು. ಈ ಗ್ವಾಮ್ ಅಭ್ಯಾಸ ಸಣ್ಣದಲ್ಲ. ಫಿರಂಗಿಗೆ ಗುಂಡು ತುಂಬುವ ಹುಡುಗರ ಕೈ ಪಳಗಿದ್ದೇ ಅಲ್ಲಿ. ಮೂರು ತಿಂಗಳ ನಂತರ ಅದೇ ಕೈಗಳು ಕೆಲಸಕ್ಕೆ ಬಂದವು.

ಈಗ 25 ಅಕ್ಟೋಬರ್ 1944ರ ಬೆಳಗ್ಗೆಗೆ ಬರೋಣ. ಫಿಲಿಪೀನ್ಸ್‌ನ ಲೇತೆ ದ್ವೀಪದಲ್ಲಿ ಅಮೆರಿಕದ ಸೈನ್ಯ ಇಳಿದು ಐದು ದಿನವಾಗಿತ್ತು. ಅದರ ಉತ್ತರಕ್ಕೆ ಸಾಮಾರ್ ದ್ವೀಪ. ಸಾಮಾರ್‌ನ ಪೂರ್ವದ ಸಮುದ್ರದಲ್ಲಿ ಟಾಫಿ 3 ಎಂಬ ರೇಡಿಯೊ ಹೆಸರಿನ ಒಂದು ಸಣ್ಣ ತುಕಡಿ ಇತ್ತು. ಅದರ ಮುಖ್ಯಸ್ಥ ರಿಯರ್ ಅಡ್ಮಿರಲ್ ಕ್ಲಿಫ್ಟನ್ ಸ್ಪ್ರೇಗ್. ಆರು ಸಣ್ಣ ವಿಮಾನವಾಹಕ ನೌಕೆಗಳು, ಕಾವಲಿಗೆ ಜಾನ್‌ಸ್ಟನ್, ಹೋಯೆಲ್, ಹೀರ್ಮನ್ ಎಂಬ ಮೂರು ಡಿಸ್ಟ್ರಾಯರ್, ಅದಕ್ಕಿಂತ ಚಿಕ್ಕ ನಾಲ್ಕು ಬೆಂಗಾವಲು ಹಡಗು. ಅಷ್ಟೇ. ದಡದಲ್ಲಿರುವ ಸೈನಿಕರಿಗೆ ವಿಮಾನದ ನೆರವು ಕೊಡುವುದು, ಜಲಾಂತರ್ಗಾಮಿಗಳನ್ನು ದೂರವಿಡುವುದು ಅವರಿಗೆ ವಹಿಸಿದ ಕೆಲಸ. ಹಾಗಾಗಿ ಆ ವಿಮಾನಗಳಲ್ಲಿ ಎಷ್ಟೋ ಹೊತ್ತಿದ್ದು ಯುದ್ಧನೌಕೆಯ ಕವಚ ಸೀಳುವ ಬಾಂಬುಗಳನ್ನಲ್ಲ, ನೆಲದ ಮೇಲೆ ಹಾಕುವ ಬಾಂಬುಗಳನ್ನು.

ಉತ್ತರದಲ್ಲಿ ಸಾನ್ ಬರ್ನಾರ್ಡಿನೊ ಜಲಸಂಧಿ ಇದೆ. ಅದನ್ನು ಅಡ್ಮಿರಲ್ ಹಾಲ್ಸಿಯ ದೊಡ್ಡ ಪಡೆ ಕಾಯುತ್ತಿದೆ ಎಂದು ಇವರೆಲ್ಲ ನಂಬಿದ್ದರು. ಆದರೆ ಹಾಲ್ಸಿ ಹಿಂದಿನ ರಾತ್ರಿಯೇ ಬ್ಯಾಟಲ್‌ಶಿಪ್‌ಗಳನ್ನೂ (ಭಾರಿ ಫಿರಂಗಿ, ದಪ್ಪ ಕವಚದ ಅತಿ ದೊಡ್ಡ ಯುದ್ಧನೌಕೆಗಳು) ಸೇರಿಸಿಕೊಂಡು ಉತ್ತರಕ್ಕೆ ಹೊರಟುಹೋಗಿದ್ದರು. ಜಪಾನ್ ಅಲ್ಲಿ ತನ್ನ ವಿಮಾನವಾಹಕಗಳನ್ನು ಆಮಿಷವಾಗಿ ಒಡ್ಡಿತ್ತು. ಜಲಸಂಧಿಯ ಬಾಗಿಲಲ್ಲಿ ಒಂದು ಕಾವಲು ಹಡಗೂ ಉಳಿದಿರಲಿಲ್ಲ. ಲೇತೆಯ ಪಡೆಗಳ ಹೊಣೆ ಹೊತ್ತಿದ್ದ ಅಡ್ಮಿರಲ್ ಕಿನ್ಕೇಡ್‌ಗೆ ಇದನ್ನು ಯಾರೂ ಸ್ಪಷ್ಟವಾಗಿ ತಿಳಿಸಲಿಲ್ಲ. ಆ ರಾತ್ರಿ ಜಪಾನಿನ ವೈಸ್ ಅಡ್ಮಿರಲ್ ಕುರಿತಾ ಅವರ ಪಡೆ ಆ ಜಲಸಂಧಿ ದಾಟಿ ಬಂತು. ನಾಲ್ಕು ಬ್ಯಾಟಲ್‌ಶಿಪ್, ಆರು ಭಾರಿ ಕ್ರೂಸರ್, ಎರಡು ಹಗುರ ಕ್ರೂಸರ್ (ಬ್ಯಾಟಲ್‌ಶಿಪ್‌ಗಿಂತ ಚಿಕ್ಕ, ಡಿಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ), ಹನ್ನೊಂದು ಡಿಸ್ಟ್ರಾಯರ್. ಯಮಾಟೊ ಒಂದರ ತೂಕವೇ ಜಾನ್‌ಸ್ಟನ್‌ನಂಥ ಮೂವತ್ತು ಹಡಗುಗಳಷ್ಟು.

ಏಳು ಗಂಟೆಗೆ ಒಂದೆರಡು ನಿಮಿಷ ಇರುವಾಗ ಯಮಾಟೊ ಗುಂಡು ಹಾರಿಸಲು ಶುರು ಮಾಡಿತು. ಸ್ಪ್ರೇಗ್‌ರ ವಿಮಾನವಾಹಕಗಳು ಓಡಿ ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ. ಅವುಗಳ ವೇಗ 18–19 ನಾಟ್, ಯಮಾಟೊದ್ದು 27. ನೀರಿನಲ್ಲಿ ಕೆಂಪು, ಹಸಿರು, ಹಳದಿ ಬಣ್ಣದ ಕಾರಂಜಿಗಳು ಎದ್ದವು. ಯಾವ ಗುಂಡು ತಮ್ಮದು ಎಂದು ಗುರುತು ಸಿಗಲಿ ಅಂತ ಜಪಾನಿ ಹಡಗುಗಳು ಒಂದೊಂದೂ ಬೇರೆ ಬೇರೆ ಬಣ್ಣ ಹಾಕಿರುತ್ತಿದ್ದವು.

ಶತ್ರುವಿಗೆ ತೀರ ಹತ್ತಿರ ಇದ್ದದ್ದು ಜಾನ್‌ಸ್ಟನ್. ಇವಾನ್ಸ್ ಮೊದಲು ಹೊಗೆ ಪರದೆ ಹಾಕಿಸಿದರು. ವಿಮಾನವಾಹಕಗಳ ಹಿಂದೆ ಅಂಕುಡೊಂಕಾಗಿ ಓಡುತ್ತ ಕಪ್ಪು ಹೊಗೆ, ಬಿಳಿ ಹೊಗೆ ಎರಡನ್ನೂ ಬಿಟ್ಟರು. ಆಮೇಲೆ ಹಡಗನ್ನು ತಿರುಗಿಸಿ ನೇರ ಶತ್ರುವಿನ ಕಡೆ ನುಗ್ಗಿಸಿದರು. ಐದು ಇಂಚಿನ ಫಿರಂಗಿ ತಲುಪುವಷ್ಟು ಹತ್ತಿರ ಹೋಗಲೇ ಕೆಲವು ನಿಮಿಷ ಬೇಕಾಯಿತು. ಆ ಹೊತ್ತಿನಲ್ಲಿ ಇವರು ಹೊಡೆಯುವಂತಿರಲಿಲ್ಲ, ಅವರು ಹೊಡೆಯುತ್ತಲೇ ಇದ್ದರು. ಸುಮಾರು 16 ಕಿಲೋಮೀಟರ್ ದೂರದಲ್ಲಿ ಜಾನ್‌ಸ್ಟನ್ ಗುಂಡು ಶುರು ಮಾಡಿತು. ಗುರಿ ಕುಮಾನೊ ಎಂಬ ಭಾರಿ ಕ್ರೂಸರ್. ಕೆಲವೇ ನಿಮಿಷದಲ್ಲಿ ಇನ್ನೂರಕ್ಕೂ ಹೆಚ್ಚು ಗುಂಡು ಹೋದವು. ಸುಮಾರು 9 ಕಿಲೋಮೀಟರ್‌ಗೆ ಬಂದಾಗ ಹತ್ತೂ ಟಾರ್ಪೆಡೊ ಬಿಟ್ಟು ಹೊಗೆಯೊಳಕ್ಕೆ ವಾಪಸ್. ಒಂದು ಟಾರ್ಪೆಡೊ ಕುಮಾನೊದ ಮೂತಿಯನ್ನೇ ಕಿತ್ತುಹಾಕಿತು.

ಈ ಒಂದು ಹೊಡೆತದ ಪರಿಣಾಮ ವಿಡಿಯೋಗಳಲ್ಲಿ ಸರಿಯಾಗಿ ಬರುವುದಿಲ್ಲ. ಕುಮಾನೊದಲ್ಲಿ ಕ್ರೂಸರ್ ದಳದ ಅಡ್ಮಿರಲ್ ಇದ್ದರು. ಅವರು ಪಕ್ಕದ ಸುಜುಯಾ ಕ್ರೂಸರ್‌ಗೆ ಸ್ಥಳಾಂತರವಾಗಬೇಕಾಯಿತು. ಸುಜುಯಾಗೂ ವಿಮಾನದ ಬಾಂಬ್‌ನಿಂದ ಪೆಟ್ಟಾಗಿತ್ತು. ಹೀಗೆ ಬೆನ್ನಟ್ಟುತ್ತಿದ್ದ ಆರು ಭಾರಿ ಕ್ರೂಸರ್‌ಗಳಲ್ಲಿ ಎರಡು ಮೊದಲ ಅರ್ಧ ಗಂಟೆಯಲ್ಲೇ ಹಿಂದೆ ಉಳಿದವು. ಜಾನ್‌ಸ್ಟನ್ ಆ ದಿನ ಮತ್ತೇನೂ ಮಾಡದೆ ಅಲ್ಲೇ ಮುಳುಗಿದ್ದರೂ ಅದರ ಕೆಲಸ ಮುಗಿದಿತ್ತು ಅಂತ ನನ್ನ ಲೆಕ್ಕ.

ಏಳೂವರೆ ಹೊತ್ತಿಗೆ ಪೆಟ್ಟು ಬಿತ್ತು. ಬ್ಯಾಟಲ್‌ಶಿಪ್‌ನ ಮೂರು ದೊಡ್ಡ ಗುಂಡು, ಅವುಗಳ ಬೆನ್ನಿಗೇ ಆರು ಇಂಚಿನ ಮೂರು ಗುಂಡು. ದೊಡ್ಡವು ಕಾಂಗೋ ಎಂಬ ಜಪಾನಿ ಬ್ಯಾಟಲ್‌ಶಿಪ್‌ನವು ಎಂದೇ ಬಹುಕಾಲ ಬರೆಯುತ್ತಿದ್ದರು. ಈಚಿನ ಸಂಶೋಧಕರು ಯಮಾಟೊ ಕಡೆ ಬೆರಳು ತೋರಿಸುತ್ತಾರೆ. ಹಿಂದಿನ ಬಾಯ್ಲರ್ ಕೋಣೆ, ಎಂಜಿನ್ ಕೋಣೆ ಹೋದವು. ಚುಕ್ಕಾಣಿಗೆ ವಿದ್ಯುತ್ ಹೋಯಿತು. ದಿಕ್ಸೂಚಿ ಕೆಟ್ಟಿತು. ವೇಗ 17 ನಾಟ್‌ಗೆ ಇಳಿಯಿತು. ಬ್ರಿಡ್ಜ್ ಮೇಲೆ, ಅಂದರೆ ಕ್ಯಾಪ್ಟನ್ ನಿಂತು ಹಡಗು ನಡೆಸುವ ಜಾಗದ ಮೇಲೆ, ಬಿದ್ದ ಗುಂಡು ಅಲ್ಲಿದ್ದ ಹಲವರನ್ನು ಕೊಂದಿತು. ಇವಾನ್ಸ್ ಅವರ ಎಡಗೈಯ ಎರಡು ಬೆರಳು ಹೋದವು, ಅಂಗಿ ಹರಿದುಹೋಯಿತು. ಚಿಕಿತ್ಸೆಗೆ ಬಂದ ಡಾಕ್ಟರನ್ನು ಅವರು ಬೇರೆ ಗಾಯಾಳುಗಳ ಕಡೆ ಕಳಿಸಿದರು.

ಇಂಥ ಗುಂಡು ಬಿದ್ದ ಮೇಲೂ ಹಡಗು ತೇಲಿದ್ದು ಹೇಗೆ ಎಂದು ಕೇಳಿದ್ದೀರಿ. ಇದಕ್ಕೆ ಕಾರಣ ಒಂದಲ್ಲ.

ಯಮಾಟೊದ ಒಂದು ಗುಂಡು ಸುಮಾರು 1,460 ಕಿಲೋ. ಜಾನ್‌ಸ್ಟನ್‌ನ ಗುಂಡು 25 ಕಿಲೋ. ಆದರೆ ಜಪಾನಿಯರು ಆ ಹೊತ್ತಿನಲ್ಲಿ ತುಂಬಿದ್ದು ದಪ್ಪ ಕವಚ ಸೀಳುವ ಗುಂಡು. ಎದುರಿಗಿರುವುದು ದೊಡ್ಡ ವಿಮಾನವಾಹಕಗಳು, ಕ್ರೂಸರ್‌ಗಳು ಎಂದೇ ಅವರು ಭಾವಿಸಿದ್ದರು. ಈ ಗುಂಡಿನ ಒಳಗಿರುವ ಫ್ಯೂಸ್ ತಾಗಿದ ತಕ್ಷಣ ಸಿಡಿಯುವುದಿಲ್ಲ, ಸುಮಾರು 0.4 ಸೆಕೆಂಡ್ ತಡ. ಗುಂಡು ಕವಚ ದಾಟಿ ಹಡಗಿನ ಹೊಟ್ಟೆಯಲ್ಲಿ ಸಿಡಿಯಲಿ ಅಂತ ಹಾಗೆ ಮಾಡಿರುತ್ತಾರೆ. ಜಾನ್‌ಸ್ಟನ್‌ಗೆ ಕವಚವೇ ಇಲ್ಲವಲ್ಲ. ನೆನೆದ ರಟ್ಟಿನಲ್ಲಿ ಮೊಳೆ ತೂರಿದ ಹಾಗೆ ಗುಂಡು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟುಹೋಗುತ್ತಿತ್ತು. ದಾರಿಯಲ್ಲಿ ಸಿಕ್ಕಿದ್ದೆಲ್ಲ ನಾಶ, ನಿಜ. ಆದರೆ ಹಡಗು ಎರಡು ತುಂಡಾಗಲಿಲ್ಲ.

ಹಡಗಿನ ವಿನ್ಯಾಸವೂ ಕಾಪಾಡಿತು. ಫ್ಲೆಚರ್ ವರ್ಗದಲ್ಲಿ ಬಾಯ್ಲರ್‌ಗಳನ್ನೆಲ್ಲ ಒಂದು ಕಡೆ, ಎಂಜಿನ್‌ಗಳನ್ನೆಲ್ಲ ಇನ್ನೊಂದು ಕಡೆ ಇಟ್ಟಿಲ್ಲ. ಮುಂದೆ ಒಂದು ಬಾಯ್ಲರ್ ಕೋಣೆ, ಅದರ ಹಿಂದೆ ಎಂಜಿನ್ ಕೋಣೆ. ಮತ್ತೆ ಬಾಯ್ಲರ್, ಮತ್ತೆ ಎಂಜಿನ್. ಎರಡು ಪ್ರತ್ಯೇಕ ಜೋಡಿ. ಹಿಂದಿನ ಜೋಡಿ ಪೂರ್ತಿ ಸತ್ತರೂ ಮುಂದಿನ ಜೋಡಿ ಹಡಗನ್ನು ಎಳೆಯುತ್ತದೆ. ಜಾನ್‌ಸ್ಟನ್ ಎರಡು ಗಂಟೆಗೂ ಜಾಸ್ತಿ ಓಡಿದ್ದು ಆ ಒಂದು ಜೋಡಿಯಿಂದ. ನಕ್ಷೆ ಬರೆದ ಎಂಜಿನಿಯರುಗಳ ಹೆಸರನ್ನು ಈ ಕಥೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಬೇಕು.

ಇನ್ನು ಗುರಿ. ಜಾನ್‌ಸ್ಟನ್‌ನ ಫಿರಂಗಿಗಳಿಗೆ ರೇಡಾರ್ ಇತ್ತು, ದೂರ, ವೇಗ, ಹಡಗಿನ ಓಲಾಟ ಎಲ್ಲವನ್ನೂ ಲೆಕ್ಕ ಹಾಕುವ ಯಾಂತ್ರಿಕ ಕಂಪ್ಯೂಟರ್ ಇತ್ತು. ಹೊಗೆಯೊಳಗಿಂದಲೂ ಹೊಡೆಯಬಹುದಿತ್ತು. ಜಪಾನಿಯರು ಹೆಚ್ಚಾಗಿ ನಂಬಿದ್ದು ಕಣ್ಣಿನ ದೂರದರ್ಶಕಗಳನ್ನು. ಹೊಗೆ, ಮೋಡ, ನಡುನಡುವೆ ಮಳೆ. ಅವರಿಗೆ ಏನೂ ಸರಿಯಾಗಿ ಕಾಣಲಿಲ್ಲ. ಪೆಟ್ಟು ಬಿದ್ದ ಕೂಡಲೇ ಸುರಿದ ಒಂದು ಮಳೆ ಜಾನ್‌ಸ್ಟನ್‌ಗೆ ಸುಮಾರು ಹತ್ತು ನಿಮಿಷ ಮರೆ ಕೊಟ್ಟಿತು. ಅಷ್ಟರಲ್ಲಿ ವಿದ್ಯುತ್ತಿನ ತಂತಿಗಳನ್ನು ಮರುಜೋಡಿಸಿ ಕೆಲವು ಫಿರಂಗಿಗಳಿಗೆ ಜೀವ ಬರಿಸಿದರು.

ಇದರ ಜೊತೆ ಕುರಿತಾ ಅವರ ಸ್ಥಿತಿಯನ್ನೂ ಗಮನಿಸಬೇಕು. ಎರಡು ದಿನ ಹಿಂದೆ ಅವರ ಸ್ವಂತ ನೌಕೆ ಅಟಾಗೊ ಟಾರ್ಪೆಡೊ ತಿಂದು ಮುಳುಗಿ, ಅವರು ನೀರಿಗೆ ಹಾರಿ ಈಜಬೇಕಾಗಿತ್ತು. ಹಿಂದಿನ ದಿನ ಯಮಾಟೊದ ತಂಗಿ ಮುಸಾಶಿ ವಿಮಾನ ದಾಳಿಗೆ ಮುಳುಗಿತ್ತು. ಸಾಮಾರ್‌ನಲ್ಲಿ ಶತ್ರು ಕಂಡಾಗ ಅವರು ವ್ಯೂಹ ಕಟ್ಟದೆ, ಎಲ್ಲರೂ ಅವರವರೇ ದಾಳಿ ಮಾಡಿ ಎಂದು ಆದೇಶ ಕೊಟ್ಟುಬಿಟ್ಟರು. ಆ ಗಳಿಗೆಯಿಂದ ಅದು ಒಂದು ಪಡೆಯಾಗಿ ಉಳಿಯಲಿಲ್ಲ. ಅಮೆರಿಕದ ಡಿಸ್ಟ್ರಾಯರ್‌ಗಳು ಬಿಟ್ಟ ಟಾರ್ಪೆಡೊಗಳಿಂದ ತಪ್ಪಿಸಿಕೊಳ್ಳಲು ಯಮಾಟೊ ಹತ್ತು ನಿಮಿಷ ಉತ್ತರಕ್ಕೆ ಓಡಿತು. ಅಡ್ಮಿರಲ್ ಇದ್ದ ನೌಕೆಯೇ ಕಾಳಗದಿಂದ ದೂರವಾಯಿತು.

ಅಪ್ಪಣೆಯ ಪ್ರಶ್ನೆಗೆ ಬರುತ್ತೇನೆ. ಇವಾನ್ಸ್ ನುಗ್ಗಿದ್ದು ಏಳು ಗಂಟೆಯ ಸುಮಾರಿಗೆ. ಡಿಸ್ಟ್ರಾಯರ್‌ಗಳು ಟಾರ್ಪೆಡೊ ದಾಳಿ ಮಾಡಲಿ ಎಂಬ ಸ್ಪ್ರೇಗ್ ಆದೇಶ ಬಂದದ್ದು 7.16ಕ್ಕೆ. ಅಷ್ಟರಲ್ಲಿ ಜಾನ್‌ಸ್ಟನ್ ಅರ್ಧ ದಾರಿ ಹೋಗಿಯಾಗಿತ್ತು. ಇದನ್ನು ಅವಿಧೇಯತೆ ಅನ್ನಲಾಗದು. ಬೆಂಗಾವಲು ಹಡಗಿನ ಕೆಲಸವೇ ಶತ್ರು ಮತ್ತು ತಾನು ಕಾಯಬೇಕಾದ ಹಡಗಿನ ನಡುವೆ ನಿಲ್ಲುವುದು. ಕಾದಿದ್ದರೆ ಹದಿನೈದು ನಿಮಿಷ ಕಳೆದುಹೋಗುತ್ತಿತ್ತು. ಕುಮಾನೊ ಆ ಹದಿನೈದು ನಿಮಿಷದಲ್ಲಿ ವಿಮಾನವಾಹಕಗಳಿಗೆ ಇನ್ನೂ ಏಳೆಂಟು ಕಿಲೋಮೀಟರ್ ಹತ್ತಿರ ಬಂದಿರುತ್ತಿತ್ತು. ಇವಾನ್ಸ್ ಮಾಡಿದ್ದು ಸರಿ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಎರಡನೇ ಸಲ ತಿರುಗಿ ಹೋದದ್ದು. ಟಾರ್ಪೆಡೊ ಒಂದೂ ಉಳಿದಿರಲಿಲ್ಲ, ವೇಗ ಅರ್ಧ, ಹಡಗಿನಲ್ಲಿ ಶವಗಳು. ಹೋಯೆಲ್, ಹೀರ್ಮನ್, ಜೊತೆಗೆ ಚಿಕ್ಕ ಬೆಂಗಾವಲು ಹಡಗುಗಳಲ್ಲೊಂದಾದ ಸ್ಯಾಮ್ಯುಯಲ್ ಬಿ. ರಾಬರ್ಟ್ಸ್ ಟಾರ್ಪೆಡೊ ದಾಳಿಗೆ ಹೊರಟಿದ್ದವು. ಇವಾನ್ಸ್ ಅವುಗಳ ಹಿಂದೆ ಹೋದರು. ತಮ್ಮ ಫಿರಂಗಿಗಳಿಂದಾದರೂ ಅವರಿಗೆ ಆಸರೆ ಕೊಡೋಣ ಅಂತ. ಹೊಗೆಯಲ್ಲಿ ಹೀರ್ಮನ್‌ಗೆ ಡಿಕ್ಕಿಯಾಗುವುದು ಕೂದಲೆಳೆಯಲ್ಲಿ ತಪ್ಪಿತು. ಹೊಗೆಯಿಂದ ಹೊರಬಂದಾಗ ಆರೇಳು ಕಿಲೋಮೀಟರ್ ದೂರದಲ್ಲಿ ಒಂದು ಬ್ಯಾಟಲ್‌ಶಿಪ್. ಅದಕ್ಕೂ ಮೂವತ್ತು ಗುಂಡು ಹೊಡೆದು ಮತ್ತೆ ಹೊಗೆಯೊಳಗೆ. ಆಮೇಲೆ ಗ್ಯಾಂಬಿಯರ್ ಬೇ ಎಂಬ ವಿಮಾನವಾಹಕಕ್ಕೆ ಒಂದು ಕ್ರೂಸರ್ ಗುಂಡು ಹೊಡೆಯುತ್ತಿರುವುದು ಕಂಡಿತು. ಅದರ ಗಮನ ತಮ್ಮ ಕಡೆ ಸೆಳೆಯಲು ಇವಾನ್ಸ್ ಗುಂಡು ಹಾರಿಸಿದರು. ಕ್ರೂಸರ್ ತಿರುಗಿ ನೋಡಲಿಲ್ಲ. ಗ್ಯಾಂಬಿಯರ್ ಬೇ ಒಂಬತ್ತು ಗಂಟೆ ದಾಟುತ್ತಿದ್ದಂತೆ ಮುಳುಗಿತು.

ಅಷ್ಟರಲ್ಲೇ ಯಹಾಗಿ ಎಂಬ ಹಗುರ ಕ್ರೂಸರ್ ತನ್ನ ಹಿಂದೆ ಡಿಸ್ಟ್ರಾಯರ್‌ಗಳ ಸಾಲು ಕಟ್ಟಿಕೊಂಡು ವಿಮಾನವಾಹಕಗಳ ಮೇಲೆ ಟಾರ್ಪೆಡೊ ಬಿಡಲು ಬರುತ್ತಿತ್ತು. ಜಾನ್‌ಸ್ಟನ್ ಒಂಟಿಯಾಗಿ ಅಡ್ಡ ಬಂದು ಯಹಾಗಿಗೆ ಗುಂಡು ಹೊಡೆಯಿತು. ಯಹಾಗಿ ಪಕ್ಕಕ್ಕೆ ತಿರುಗಿತು. ಹಿಂದಿನ ಡಿಸ್ಟ್ರಾಯರ್‌ಗೆ ಹೊಡೆದರು, ಅದೂ ತಿರುಗಿತು. ಆ ಸಾಲು ಟಾರ್ಪೆಡೊಗಳನ್ನೇನೋ ಬಿಟ್ಟಿತು, ಆದರೆ ತುಂಬ ದೂರದಿಂದ. ವಿಮಾನವಾಹಕಗಳ ಹತ್ತಿರ ಬರುವಷ್ಟರಲ್ಲಿ ಅವುಗಳ ಓಟ ಮುಗಿಯುತ್ತ ಬಂದಿತ್ತು. ಒಂದನ್ನು ಅಮೆರಿಕದ ಪೈಲಟ್ ಒಬ್ಬ ಮೇಲಿಂದ ಗುಂಡು ಹೊಡೆದು ಸಿಡಿಸಿದ. ಒಂದು ಟಾರ್ಪೆಡೊ ಕೂಡ ತಾಗಲಿಲ್ಲ.

ಈ ಹೊತ್ತಿಗೆ ಬ್ರಿಡ್ಜ್ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ಕೆಳಗೆ ಬೆಂಕಿ, ಮದ್ದುಗುಂಡು ಸಿಡಿಯುತ್ತಿತ್ತು. ಇವಾನ್ಸ್ ಹಡಗಿನ ಹಿಂಭಾಗಕ್ಕೆ ನಡೆದು ಹೋದರು. ಅಲ್ಲಿ ಡೆಕ್‌ನಲ್ಲಿ ಒಂದು ಮುಚ್ಚಳದ ಬಾಯಿ, ಅದರ ಕೆಳಗೆ ಚುಕ್ಕಾಣಿಯ ಕೋಣೆ. ವಿದ್ಯುತ್ ಇಲ್ಲದ್ದರಿಂದ ನಾವಿಕರು ಪಂಪನ್ನು ಕೈಯಲ್ಲೇ ತಿರುಗಿಸಿ ಚುಕ್ಕಾಣಿ ಹೊರಳಿಸುತ್ತಿದ್ದರು. ಬಹಳ ಹೊತ್ತು ಮಾಡಲಾಗದ ಕೆಲಸ, ಸುಸ್ತಾದವರು ಸರಿದರೆ ಇನ್ನಿಬ್ಬರು ಬರಬೇಕು. ಇವಾನ್ಸ್ ಆ ಬಾಯಿಯ ಪಕ್ಕ ನಿಂತು, ಬ್ಯಾಂಡೇಜು ಸುತ್ತಿದ ಕೈಯಲ್ಲಿ, ಬಲಕ್ಕೆ, ಎಡಕ್ಕೆ ಎಂದು ಕೆಳಗೆ ಕೂಗಿ ಹೇಳುತ್ತಿದ್ದರು. 115 ಮೀಟರ್ ಉದ್ದದ ಯುದ್ಧನೌಕೆಯನ್ನು ಕೊನೆಗೆ ನಡೆಸಿದ್ದು ಹೀಗೆ.

ಉಳಿದಿದ್ದ ಎಂಜಿನ್ ಕೋಣೆಗೂ ಪೆಟ್ಟು ಬಿತ್ತು. ಹಡಗು ನಿಂತಿತು. ಜಪಾನಿ ಡಿಸ್ಟ್ರಾಯರ್‌ಗಳು ಸುತ್ತುವರಿದು ಹೊಡೆದವು. 9.45ಕ್ಕೆ ಹಡಗು ಬಿಡಲು ಆದೇಶ. 10.10ಕ್ಕೆ ಜಾನ್‌ಸ್ಟನ್ ಉರುಳಿ ಮುಳುಗಿತು. ಹತ್ತಿರ ಹಾದುಹೋದ ಜಪಾನಿ ಡಿಸ್ಟ್ರಾಯರ್‌ನ ಕ್ಯಾಪ್ಟನ್ ಮುಳುಗುವ ಹಡಗಿಗೆ ಸೆಲ್ಯೂಟ್ ಹೊಡೆದರು ಎಂದು ಬದುಕುಳಿದವರಲ್ಲಿ ಹಲವರು ಹೇಳಿದ್ದಾರೆ. ನೀರಿನಲ್ಲಿದ್ದವರ ಮೇಲೆ ಆ ಹಡಗು ಗುಂಡು ಹಾರಿಸಲಿಲ್ಲ.

ಅದಕ್ಕೂ ಮೊದಲೇ, ಒಂಬತ್ತು ಗಂಟೆ ದಾಟಿದ ಮೇಲೆ, ಕುರಿತಾ ವಾಪಸ್ ತಿರುಗುವ ಆದೇಶ ಕೊಟ್ಟಾಗಿತ್ತು. ಗೆದ್ದದ್ದು ಜಾನ್‌ಸ್ಟನ್ ಒಂದರಿಂದಲೇ ಅನ್ನುವುದು ತಪ್ಪು. ಹೋಯೆಲ್, ರಾಬರ್ಟ್ಸ್ ಕೂಡ ಅದೇ ದಿನ ಮುಳುಗಿದವು. ಪಕ್ಕದ ಎರಡು ತುಕಡಿಗಳ ವಿಮಾನಗಳೂ ಸೇರಿ ಕುರಿತಾ ಪಡೆಯನ್ನು ಬಿಡದೆ ಕಾಡಿದವು. ಬಾಂಬ್ ಖಾಲಿಯಾದ ಮೇಲೂ ಪೈಲಟ್‌ಗಳು ಸುಮ್ನೆ ದಾಳಿ ಮಾಡುವವರ ಹಾಗೆ ಮೇಲೆರಗಿ ಹಡಗುಗಳು ದಿಕ್ಕು ಬದಲಿಸುವಂತೆ ಮಾಡಿದರು. ಜಪಾನಿನ ಮೂರು ಭಾರಿ ಕ್ರೂಸರ್‌ಗಳು ಆ ದಿನ ಹೋದವು.

ಹಡಗನ್ನು ಮೇಲೆತ್ತುವ ಪ್ರಶ್ನೆಗೆ ಚುಟುಕಾಗಿ ಹೇಳುತ್ತೇನೆ. ಅದು ಫಿಲಿಪೀನ್ ಟ್ರೆಂಚ್ ಎಂಬ ಆಳದ ಕಂದಕದಲ್ಲಿದೆ. 2019ರಲ್ಲಿ ಪೆಟ್ರೆಲ್ ಎಂಬ ಸಂಶೋಧನಾ ಹಡಗು 6,220 ಮೀಟರ್ ಆಳದಲ್ಲಿ ಒಂದಿಷ್ಟು ಚೂರುಗಳನ್ನು ಕಂಡಿತು. 2021ರ ಮಾರ್ಚ್‌ನಲ್ಲಿ ವಿಕ್ಟರ್ ವೆಸ್ಕೊವೊ ಮನುಷ್ಯರು ಕೂರುವ ಸಬ್‌ಮರ್ಸಿಬಲ್‌ನಲ್ಲಿ 6,456 ಮೀಟರ್ ಇಳಿದು ಮುಂಭಾಗವನ್ನು ಚಿತ್ರೀಕರಿಸಿದರು. ಮೂತಿಯ ಮೇಲೆ 557 ಎಂಬ ಸಂಖ್ಯೆ ಈಗಲೂ ಓದಲು ಬರುತ್ತದೆ. ಅದರಿಂದಲೇ ಗುರುತು ಖಚಿತವಾಯಿತು. ಅಷ್ಟು ಆಳದಿಂದ ಇಡೀ ಹಡಗು ಎತ್ತುವ ಉಪಾಯ ಇಲ್ಲ. ಇದ್ದರೂ ಮುಟ್ಟಬಾರದು. ಅದು ಸತ್ತವರ ಸಮಾಧಿ. ಅಮೆರಿಕದ ಕಾನೂನೂ ತನ್ನ ಮುಳುಗಿದ ಸೇನಾ ಹಡಗುಗಳನ್ನು ಕೆದಕಲು ಬಿಡುವುದಿಲ್ಲ.

ಈಗ ಸಾವಿನ ಲೆಕ್ಕ. ಹಡಗಿನಲ್ಲಿದ್ದವರು 327. ಉಳಿದವರು 141. ಸತ್ತವರು 186. ಇದರಲ್ಲಿ ಶತ್ರುವಿನ ಗುಂಡಿಗೆ ನೇರವಾಗಿ ಸತ್ತವರು ಸುಮಾರು 50 ಮಾತ್ರ. ಸುಮಾರು 45 ಜನ ತೆಪ್ಪಗಳ ಮೇಲೆ ಗಾಯಗಳಿಂದ ಸತ್ತರು. ಇನ್ನು 90ಕ್ಕೂ ಮಿಕ್ಕಿದವರು, ಇವಾನ್ಸ್ ಸೇರಿದಂತೆ, ಹಡಗು ಮುಳುಗುವಾಗ ಜೀವಂತ ನೀರಿನಲ್ಲಿದ್ದರು. ಮತ್ತೆ ಸಿಗಲಿಲ್ಲ. ಅಂದರೆ ಸತ್ತ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಹಡಗಿನಿಂದ ಉಸಿರಾಡಿಕೊಂಡೇ ಇಳಿದವರು.

ಅವರು ನೀರಿನಲ್ಲಿದ್ದದ್ದು ಎಷ್ಟು ಹೊತ್ತು ಗೊತ್ತೇ? ಸುಮಾರು 50 ಗಂಟೆ. ಎರಡು ಹಗಲು, ಎರಡು ರಾತ್ರಿ. ತೆಪ್ಪಗಳು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಗುಂಡಿಗೆ ಹರಿದವೇ ಜಾಸ್ತಿ. ಗಾಯಗೊಂಡವರನ್ನು ಮಧ್ಯದಲ್ಲಿ ಮಲಗಿಸಿ ಉಳಿದವರು ಅಂಚು ಹಿಡಿದು ತೇಲುತ್ತಿದ್ದರು. ಮೈಯೆಲ್ಲ ಕಪ್ಪು ಎಣ್ಣೆ. ಹಗಲು ಸುಡುವ ಬಿಸಿಲು, ರಾತ್ರಿ ನಡುಕ. ಕುಡಿಯುವ ನೀರು ಇಲ್ಲ. ತಡೆಯಲಾರದೆ ಉಪ್ಪುನೀರು ಕುಡಿದವರಿಗೆ ಭ್ರಮೆ ಶುರುವಾಯಿತು. ಅಲ್ಲಿ ದ್ವೀಪ ಕಾಣುತ್ತಿದೆ, ಹಡಗು ಕೆಳಗೇ ಇದೆ, ನೀರು ಕುಡಿದು ಬರುತ್ತೇನೆ ಎಂದು ತೆಪ್ಪ ಬಿಟ್ಟು ಈಜಿಕೊಂಡು ಹೋದವರಿದ್ದರು. ಶಾರ್ಕ್‌ಗಳು ಬಂದವು.

ಯಾಕೆ ಯಾರೂ ಬರಲಿಲ್ಲ? ಆ ಸಮುದ್ರ ಅಮೆರಿಕದ ಹಡಗುಗಳಿಂದ ತುಂಬಿತ್ತು. ಲೇತೆ ಕೊಲ್ಲಿ ಅರ್ಧ ದಿನದ ದಾರಿ.

ಮೊದಲ ಕಾರಣವನ್ನು ನಾನು ತಪ್ಪೆನ್ನುವುದಿಲ್ಲ. ಕುರಿತಾ ತಿರುಗಿದ ಸ್ವಲ್ಪ ಹೊತ್ತಿಗೇ ಕಾಮಿಕಾಜೆ, ಅಂದರೆ ಹಡಗಿಗೆ ತಾವೇ ಡಿಕ್ಕಿ ಹೊಡೆಯುವ ಜಪಾನಿನ ಆತ್ಮಾಹುತಿ ವಿಮಾನಗಳು ಬಂದವು. ಹನ್ನೊಂದೂವರೆಯೊಳಗೆ ಸೇಂಟ್ ಲೋ ಎಂಬ ವಿಮಾನವಾಹಕ ಮುಳುಗಿತು. ಸ್ಪ್ರೇಗ್ ಬಳಿ ಉಳಿದಿದ್ದ ಬೆಂಗಾವಲು ಹಡಗುಗಳು ನಾಲ್ಕೇ. ಅವನ್ನೆಲ್ಲ ಸೇಂಟ್ ಲೋದ ಜನರನ್ನು ಎತ್ತಲು ಬಿಟ್ಟು, ತಾವು ಉಳಿದ ವಿಮಾನವಾಹಕಗಳ ಜೊತೆ ಕಾವಲಿಲ್ಲದೆ ದಕ್ಷಿಣಕ್ಕೆ ಹೋದರು. ಜಾನ್‌ಸ್ಟನ್ ಜನ ಇದ್ದದ್ದು ಬೇರೆ ಕಡೆ, ದೂರದಲ್ಲಿ. ಅವರಿಗಾಗಿ ಕಳಿಸಲು ಸ್ಪ್ರೇಗ್ ಬಳಿ ಏನೂ ಉಳಿದಿರಲಿಲ್ಲ.

ಎರಡನೆಯದನ್ನು ಮಾತ್ರ ನನಗೆ ಕ್ಷಮಿಸಲು ಆಗುವುದಿಲ್ಲ. ವಿಮಾನಗಳು ಆ ಜನರ ಮೇಲೆ ಹಾರಿ ಹೋದವು. ತೇಲುತ್ತಿದ್ದವರು ಕೈ ಬೀಸಿದರು, ಪೈಲಟ್‌ಗಳು ನೋಡಿದರು, ವರದಿಯನ್ನೂ ಮಾಡಿದರು. ಆದರೆ ಮೇಲೆ ಹೋದ ಸ್ಥಳದ ಅಂಕಿ ತಪ್ಪು, ಹತ್ತಾರು ಕಿಲೋಮೀಟರ್ ತಪ್ಪು. ಹುಡುಕಲು ಹೋದವರು ಖಾಲಿ ನೀರನ್ನು ನೋಡಿದರು. ಆ ಅಂಕಿಯನ್ನು ಕಾಳಗದ ದಾರಿಯ ಜೊತೆ ಇಟ್ಟು ಯಾರಾದರೂ ಒಮ್ಮೆ ತಾಳೆ ನೋಡಿದ್ದರೆ ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ವಿಮಾನವಾಹಕಗಳ ದಾಖಲೆಯಲ್ಲಿ ನಿಮಿಷ ನಿಮಿಷದ ದಿಕ್ಕು, ವೇಗ ಎಲ್ಲ ಬರೆದಿರುತ್ತದೆ ಅಲ್ವಾ? ಮೇಲಿನವರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಂಡಿರುತ್ತಾರೆ ಎಂದುಕೊಂಡರು. ಜಲಸಂಧಿಯ ಕಾವಲಿಗೆ ಆದದ್ದೂ ಇದೇ. ಹಾಲ್ಸಿ ಇದ್ದಾರೆ ಎಂದು ಕಿನ್ಕೇಡ್, ಕಿನ್ಕೇಡ್ ನೋಡಿಕೊಳ್ಳುತ್ತಾರೆ ಎಂದು ಹಾಲ್ಸಿ. ಒಂದೇ ತಪ್ಪು ಬೆಳಗ್ಗೆ ಹಡಗನ್ನು ಬಲಿ ತೆಗೆದುಕೊಂಡಿತು, ಮಧ್ಯಾಹ್ನದಿಂದ ಅದರ ಜನರನ್ನು.

ಕೊನೆಗೆ ಲೇತೆ ಕೊಲ್ಲಿಯಿಂದ ಹೊರಟ ಗಸ್ತು ಹಡಗುಗಳು ಮತ್ತು ಸೈನಿಕರನ್ನು ದಡಕ್ಕಿಳಿಸುವ ಸಣ್ಣ ನೌಕೆಗಳ ಒಂದು ಗುಂಪು ಅವರನ್ನು ಹುಡುಕಿತು. ಅವರಿಗೂ ಮೊದಲು ಸಿಕ್ಕಿದ್ದು ತಪ್ಪು ಜಾಗವೇ. ಆದರೆ ಅವರು ವಾಪಸ್ ಹೋಗಲಿಲ್ಲ, ಅಲ್ಲಿಂದ ಹುಡುಕುತ್ತ ಹುಡುಕುತ್ತ ಬಂದರು. 26ರ ರಾತ್ರಿ ಗ್ಯಾಂಬಿಯರ್ ಬೇ ನಾವಿಕರು ಸಿಕ್ಕರು. ಜಾನ್‌ಸ್ಟನ್ ಜನರನ್ನು ನೀರಿನಿಂದ ಎತ್ತಿದ್ದು 27ರ ಬೆಳಗ್ಗೆ. ನಾಲ್ಕು ಹಡಗುಗಳಿಂದ ಒಟ್ಟು ಸಾವಿರಕ್ಕೂ ಹೆಚ್ಚು ಜನ ಬದುಕಿ ಬಂದರು.

ಇವಾನ್ಸ್‌ಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಮರಣೋತ್ತರವಾಗಿ ಸಿಕ್ಕಿತು. ಆ ನೌಕಾಪಡೆಯಲ್ಲಿ ಅದನ್ನು ಪಡೆದ ಮೊದಲ ಮೂಲನಿವಾಸಿ ಅವರೇ. ಟಾಫಿ 3ಕ್ಕೆ ಅಧ್ಯಕ್ಷರ ಹೆಸರಿನ ಪ್ರಶಸ್ತಿ ಸಿಕ್ಕಿತು. ಎಲ್ಲವೂ ಅರ್ಹವಾದದ್ದೇ. ಮುಂದಿನ ಸಲ ಜಾನ್‌ಸ್ಟನ್ ಬಗ್ಗೆ ಏನಾದರೂ ಓದಿದರೆ, ನೋಡಿದರೆ, ಅದು 10.10ಕ್ಕೆ ಮುಗಿಯುತ್ತದೋ 27ರ ಬೆಳಗ್ಗೆಗೆ ಮುಗಿಯುತ್ತದೋ ಗಮನಿಸಿ. 10.10ಕ್ಕೇ ಮುಗಿದರೆ ಸತ್ತವರಲ್ಲಿ 130ಕ್ಕೂ ಜಾಸ್ತಿ ಜನರ ಕಥೆ ಅದರಲ್ಲಿ ಇಲ್ಲ.